ಹತ್ತೊಂಬತ್ತು ನಿಮಿಷ, ಹದಿನೇಳು ವರ್ಷ

ನಲವತ್ತು ಸೆಕೆಂಡಿನ ಒಂದು ವಿಡಿಯೋದಿಂದ ಶುರು ಮಾಡ್ತೀನಿ. ಯಾವ ಊರು, ಯಾವ ಶಾಲೆ ಅಂತ ಹೇಳಲ್ಲ. ನಿಮಗೆ ಅದು ಬೇಕಿಲ್ಲ, ಆ ಮಕ್ಕಳಿಗಂತೂ ಬೇಡವೇ ಬೇಡ. ಯಾರದೋ ಮೊಬೈಲಿನಲ್ಲಿ ತೆಗೆದದ್ದು, ವಾಟ್ಸಾಪಿನಲ್ಲಿ ಹತ್ತಾರು ಕೈ ದಾಟಿ ನಮ್ಮ ಡೆಸ್ಕಿಗೆ ಬಂದಿತ್ತು. ಒಬ್ಬ ಹುಡುಗನನ್ನ ಗೋಡೆಗೆ ಒತ್ತಿ ಹಿಡಿದು ಇಬ್ಬರು ಹೊಡೀತಿದ್ದಾರೆ. ನಾವೇನು ಮಾಡಿದ್ವಿ? ಮುಖಕ್ಕೆ ಬ್ಲರ್ ಹಾಕಿದ್ವಿ, ಸುತ್ತ ಕೆಂಪು ವೃತ್ತ ಹಾಕಿದ್ವಿ, ಹಿಂದೆ ಢಂ ಢಂ ಅನ್ನೋ ಮ್ಯೂಸಿಕ್ ಹಾಕಿದ್ವಿ, ಬೆಳಗ್ಗೆಯಿಂದ ಸಂಜೆವರೆಗೂ ತಿರುಗಿಸಿ ತಿರುಗಿಸಿ ತೋರಿಸಿದ್ವಿ. ಆ ಬುಲೆಟಿನ್ ಓದಿದವನು ನಾನೇ. "ಎಲ್ಲಿಗೆ ಬಂತು ನಮ್ಮ ಸಮಾಜ?" ಅಂತ ಕೇಳಿದವನೂ ನಾನೇ.

ಸಂಜೆ ಒಂದು ಬ್ರೇಕಿನಲ್ಲಿ, ಮ್ಯೂಸಿಕ್ ಇಲ್ಲದ ಮೂಲ ವಿಡಿಯೋವನ್ನ ಇಯರ್‌ಫೋನ್ ಹಾಕ್ಕೊಂಡು ಕೇಳಿದೆ. ಹೊಡೆಯೋರು ಇಬ್ಬರು. ಅದು ಕಣ್ಣಿಗೆ ಕಾಣುತ್ತೆ. ಆದರೆ ಕಿವಿಗೆ ಕೇಳಿಸೋದು ಬೇರೆ. ನಗು. ಒಬ್ಬರಲ್ಲ, ಇಬ್ಬರಲ್ಲ, ಎಣಿಸೋಕೆ ಹೋಗಿ ಏಳೋ ಎಂಟೋ ಆದಮೇಲೆ ಬಿಟ್ಟುಬಿಟ್ಟೆ. ಮೊಬೈಲ್ ಹಿಡ್ಕೊಂಡಿದ್ದ ಕೈ ಕೂಡ ನಗುವಿಗೆ ಅಲುಗಾಡ್ತಿತ್ತು. ಇಡೀ ದಿನ ನಾವು ಆ ನಗುವಿನ ಮೇಲೆ ನಮ್ಮ ಮ್ಯೂಸಿಕ್ ಹಾಕಿ ಮುಚ್ಚಿಬಿಟ್ಟಿದ್ವಿ.

ಈಗ ಕಾದಂಬರಿಗೆ ಬರ್ತೀನಿ. ನ್ಯೂಸ್ ಓದೋನು ಕಾದಂಬರಿ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ಕೇಳಬಹುದು. ನನ್ನ ಅಕ್ಕನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗ ಎರಡನೇ ಕ್ಲಾಸು. ಅಲ್ಲಿ ನಮ್ಮ ಶಾಲೆಗಳಲ್ಲಿ ಪಿ.ಟಿ. ಕ್ಲಾಸ್ ಇದ್ದ ಹಾಗೆ ಲಾಕ್‌ಡೌನ್ ಡ್ರಿಲ್ ಅಂತ ಇರುತ್ತೆ. ಯಾರಾದ್ರೂ ಬಂದೂಕು ಹಿಡಿದು ಒಳಗೆ ಬಂದ್ರೆ ಏನು ಮಾಡಬೇಕು? ಬಾಗಿಲು ಹಾಕಬೇಕು, ಲೈಟ್ ಆರಿಸಬೇಕು, ಕಿಟಕಿಗೆ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಎರಡನೇ ಕ್ಲಾಸಿನ ಮಕ್ಕಳಿಗೆ! ಹೋದ ಸಲ ಊರಿಗೆ ಬಂದಾಗ ಅವಳು ಒಂದು ದಪ್ಪ ಪುಸ್ತಕ ನನ್ನ ಕೈಗೆ ಕೊಟ್ಟು, "ಮಾವ, ನೀವು ಟಿವಿಯೋರು ಇದನ್ನ ಓದಲೇಬೇಕು" ಅಂದಳು. ಆ 'ಟಿವಿಯೋರು' ಅನ್ನೋ ಪದವನ್ನ ಅವಳು ಪ್ರೀತಿಯಿಂದ ಹೇಳಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಪುಸ್ತಕದ ಹೆಸರು 'ನೈನ್‌ಟೀನ್ ಮಿನಿಟ್ಸ್'. ಬರೆದವರು ಜೋಡಿ ಪಿಕೋ. 2007ರ ಮಾರ್ಚ್‌ನಲ್ಲಿ ಬಂತು, ಬಂದ ಕೂಡಲೇ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. 'ಮೈ ಸಿಸ್ಟರ್ಸ್ ಕೀಪರ್' ಅನ್ನೋ ಸಿನಿಮಾ ನೋಡಿದ್ರೆ, ಅದರ ಮೂಲ ಕಾದಂಬರಿಯೂ ಇವರದ್ದೇ.

ಕಥೆ ನಡೆಯೋದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸ್ಟರ್ಲಿಂಗ್ ಅನ್ನೋ ಸಣ್ಣ ಊರಲ್ಲಿ. ಊರು ಕಾಲ್ಪನಿಕ, ರಾಜ್ಯ ನಿಜ, ಲೇಖಕಿ ಇರೋದೂ ಅದೇ ರಾಜ್ಯದಲ್ಲಿ. ಪೀಟರ್ ಹೌಟನ್ ಅನ್ನೋ 17 ವರ್ಷದ ಹುಡುಗ ಒಂದು ಬೆಳಗ್ಗೆ ಶಾಲೆಗೆ ಬಂದೂಕು ತಗೊಂಡು ಬರ್ತಾನೆ. 19 ನಿಮಿಷದಲ್ಲಿ 10 ಜನ ಸಾಯ್ತಾರೆ. ನಡುವೆ ಒಂದು ಕಡೆ ಅವನು ಕ್ಯಾಂಟೀನಿನಲ್ಲಿ ಕೂತು, ಒಂದು ಬಟ್ಟಲಿಗೆ ಸೀರಿಯಲ್ ಸುರ್ಕೊಂಡು ತಿಂತಾನೆ. ಸುತ್ತ ಹೆಣ. ಓದುವಾಗ ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಎದ್ದು ನೀರು ಕುಡಿದು ಬಂದೆ.

ಇಷ್ಟೂ ಪುಸ್ತಕದ ಮೊದಲ ಭಾಗದಲ್ಲೇ ಮುಗಿದುಹೋಗುತ್ತೆ. ಕೊಂದವನು ಯಾರು ಅಂತ ಗೊತ್ತು, ಸಿಕ್ಕಿಬಿದ್ದಿದ್ದಾನೆ, ಸಾಕ್ಷಿಗಳು ನೂರಾರು. ಹಾಗಾದ್ರೆ ಇನ್ನು ನಾಲ್ಕುನೂರು ಪುಟ ಏನಿದೆ? ಸಸ್ಪೆನ್ಸ್ ಎಲ್ಲಿಂದ ಬಂತು?

ಇಲ್ಲೇ ಆ ಹೆಂಗಸಿನ ಜಾಣತನ ಇರೋದು. ಪುಸ್ತಕ ಗಡಿಯಾರದ ಲೋಲಕದ ಹಾಗೆ ಓಡಾಡುತ್ತೆ. ಒಂದು ಅಧ್ಯಾಯ ಘಟನೆಯಾದ ಕೆಲವು ಗಂಟೆಯ ನಂತರ, ಮುಂದಿನದು 12 ವರ್ಷ ಹಿಂದೆ. ಮಾರನೇ ದಿನ, ಆಮೇಲೆ 6 ವರ್ಷ ಹಿಂದೆ. ಒಂದು ತಿಂಗಳ ನಂತರ, ಆಮೇಲೆ ಒಂದು ತಿಂಗಳ ಹಿಂದೆ. ಮುಂದೆ ಹೋಗೋ ಕಥೆ ಕೋರ್ಟಿನ ಕಡೆ ಹೋಗ್ತಿದೆ, ಹಿಂದಿನಿಂದ ಬರೋ ಕಥೆ ಆ ಬೆಳಗ್ಗೆಯ ಕಡೆ ಬರ್ತಿದೆ. ಎರಡೂ ಎಲ್ಲೋ ಡಿಕ್ಕಿ ಹೊಡೀಬೇಕು. ಎಲ್ಲಿ ಹೊಡೆಯುತ್ತೆ ಅನ್ನೋದೇ ಸಸ್ಪೆನ್ಸ್. ಯಾರು ಮಾಡಿದ್ರು ಅಂತ ಅಲ್ಲ. ಯಾವ ದಿನ ಯಾರು ಒಂದು ಮಾತು ಆಡಿದ್ದರೆ ಇದು ನಿಲ್ತಿತ್ತು ಅಂತ.

ಪೀಟರ್ ಶಿಶುವಿಹಾರಕ್ಕೆ ಹೋಗೋ ಮೊದಲ ದಿನ. ಅಮ್ಮ ಆಸೆಯಿಂದ ಸೂಪರ್‌ಮ್ಯಾನ್ ಚಿತ್ರದ ಊಟದ ಡಬ್ಬಿ ಕೊಟ್ಟಿದ್ದಾಳೆ. ಬಸ್ಸಿನಲ್ಲಿ ದೊಡ್ಡ ಹುಡುಗನೊಬ್ಬ ಅದನ್ನ ಕಿತ್ತು ಕಿಟಕಿಯಿಂದ ಆಚೆ ಎಸೀತಾನೆ. ಬಸ್ಸಿನಲ್ಲಿದ್ದವರೆಲ್ಲ ನಗ್ತಾರೆ. ಅಮ್ಮ ಮತ್ತೊಂದು ಡಬ್ಬಿ ಕೊಡಿಸ್ತಾಳೆ. ಅದೂ ಹೋಗುತ್ತೆ. ಶಾಲೆಗೆ ಹೋಗಿ ಕೇಳಿದ್ರೆ ಟೀಚರ್ ಏನಂತಾಳೆ ಗೊತ್ತಾ? ನಿಮ್ಮ ಮಗ ತನ್ನನ್ನ ತಾನು ಕಾಪಾಡ್ಕೊಳ್ಳೋದು ಕಲೀಬೇಕು ಅನ್ನೋ ಅರ್ಥದ ಮಾತು. ನಮ್ಮಲ್ಲಿ ಹೇಳಲ್ವಾ, "ಹೋಗ್ಲಿ ಬಿಡಿ, ಹುಡುಗರು ಅಂದಮೇಲೆ ಇವೆಲ್ಲ ಇದ್ದದ್ದೇ, ನಿಮ್ಮ ಮಗನೇ ಸ್ವಲ್ಪ ಮೆತ್ತಗೆ" ಅಂತ? ಅದೇ.

ನೋಡಿ, ಆ ಟೀಚರ್ ಕೆಟ್ಟವಳಲ್ಲ. ಅಮ್ಮ ಲೇಸಿ ಕೂಡ ಕೆಟ್ಟವಳಲ್ಲ. ಅವಳು ಸೂಲಗಿತ್ತಿ, ಊರಿನ ಅರ್ಧ ಮಕ್ಕಳನ್ನ ಈ ಲೋಕಕ್ಕೆ ತಂದ ಕೈ ಅವಳದ್ದು. ಅಪ್ಪ ಲೂಯಿಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡೋನು, ಅದರಲ್ಲೂ ಸಂತೋಷದ ಅರ್ಥಶಾಸ್ತ್ರ. ಇರೋದನ್ನ ನಿರೀಕ್ಷೆಯಿಂದ ಭಾಗಿಸಿದ್ರೆ ಬರೋದೇ ಸಂತೋಷ ಅನ್ನೋ ಸೂತ್ರ ಅವನದ್ದು. ಆ ಮನುಷ್ಯ ರಜೆಯಲ್ಲಿ ಮಗನನ್ನ ಬೇಟೆಗೆ ಕರ್ಕೊಂಡು ಹೋಗಿ ಬಂದೂಕು ಹಿಡಿಯೋದು ಕಲಿಸಿದ್ದಾನೆ. ಮಗ ಒಳಗಾದಮೇಲೆ ಅಪ್ಪ ಜೈಲಿಗೆ ಹೋಗಿ ಅವನ ಮುಖ ನೋಡಲ್ಲ. ಸತ್ತ ಮಕ್ಕಳ ಸಮಾಧಿಗೆ ಹೋಗಿ ನಿಂತು ಬರ್ತಾನೆ. ಈ ಒಂದು ಸಂಗತಿಯನ್ನ ನಾವು ಟಿವಿಯಲ್ಲಿ ಹೇಗೆ ಹೇಳ್ತಿದ್ವಿ ಯೋಚನೆ ಮಾಡಿ. "ಮಗನನ್ನೇ ಕೈಬಿಟ್ಟ ಕಟುಕ ತಂದೆ!" ಕೆಳಗೆ ಕೆಂಪು ಪಟ್ಟಿ.

ಒಬ್ಬ ಅಣ್ಣನೂ ಇದ್ದ, ಜೋಯಿ. ಓದಿನಲ್ಲಿ ಮುಂದು, ಆಟದಲ್ಲಿ ಮುಂದು. ಶಾಲೆಯಲ್ಲಿ ತಮ್ಮನ ಬೆನ್ನಿಗೆ ನಿಲ್ಲಬೇಕಾದವನು, ಇವನು ನಮ್ಮನೆಯವನೇ ಅಲ್ಲ ದತ್ತು ತಗೊಂಡಿದ್ದು ಅಂತ ಹೇಳಿ ತಾನೂ ಬೇರೆಯವರ ಜೊತೆ ಸೇರಿ ನಗ್ತಿದ್ದ. ಕುಡಿದು ಗಾಡಿ ಓಡಿಸಿದ ಯಾರೋ ಗುದ್ದಿ ಅವನು ಸತ್ತುಹೋದ. ಸತ್ತಮೇಲೆ ದೇವರಾದ. ಬದುಕಿದ್ದ ಪೀಟರ್ ಆ ಫೋಟೋದ ಪಕ್ಕದಲ್ಲಿ ಇನ್ನೂ ಸಣ್ಣವನಾದ.

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ. ಬುಲ್ಲಿಯಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀವಿ? ಚುಡಾಯಿಸೋದು, ರೇಗಿಸೋದು, ಕಾಲೆಳೆಯೋದು, ಕಾಲೇಜಿಗೆ ಬಂದ್ರೆ ರ‍್ಯಾಗಿಂಗು. ಇವೆಲ್ಲದರಲ್ಲೂ ಒಂಚೂರು ತಮಾಷೆ ಸೇರಿಕೊಂಡಿದೆ. ನನಗೆ ಹತ್ತಿರ ಅನ್ನಿಸೋದು ಹಳ್ಳಿಯ ಮಾತು, 'ಗೋಳುಹೊಯ್ಕೊಳ್ಳೋದು'. ಇದನ್ನ ಮೊದಲು ಸರಿಯಾಗಿ ಅಧ್ಯಯನ ಮಾಡಿದವರು ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಜೀವ ಕಳ್ಕೊಂಡರು. ಜೊತೆಯವರ ಕಿರುಕುಳವೇ ಕಾರಣ ಇರಬಹುದು ಅನ್ನೋದು ಇಡೀ ದೇಶವನ್ನ ಅಲ್ಲಾಡಿಸಿತು, ಮಾರನೇ ವರ್ಷ ಸರ್ಕಾರ ಎಲ್ಲ ಶಾಲೆಗಳಿಗೆ ಒಂದು ಕಾರ್ಯಕ್ರಮವನ್ನೇ ತಂತು. ಓಲ್ವೇಯಸ್ ಹಾಕಿದ ಗೆರೆ ಸರಳ. ಬೇಕಂತಲೇ ಮಾಡಬೇಕು, ಮತ್ತೆ ಮತ್ತೆ ಮಾಡಬೇಕು, ಮಾಡೋನ ಕೈ ಮೇಲಿರಬೇಕು. ಸಮಬಲದ ಇಬ್ಬರು ಹುಡುಗರು ಗ್ರೌಂಡಿನಲ್ಲಿ ಒಂದು ದಿನ ಹೊಡೆದಾಡಿದ್ರೆ ಅದು ಜಗಳ. ಅದೇ ಹುಡುಗನ ಡಬ್ಬಿ ಪ್ರತಿದಿನ ಕಿಟಕಿಯಿಂದ ಆಚೆ ಹೋದ್ರೆ ಅದು ಬೇರೆ. ನಮ್ಮ ನ್ಯೂಸಿಗೆ ಸಿಗೋದು ಯಾವಾಗಲೂ ಮೊದಲನೆಯದು. ಯಾಕಂದ್ರೆ ಎರಡನೆಯದು ಕ್ಯಾಮೆರಾಗೆ ಕಾಣಲ್ಲ. ಒಂದೊಂದು ದಿನದ್ದನ್ನ ಬಿಡಿಬಿಡಿಯಾಗಿ ತೋರಿಸಿದ್ರೆ ಯಾವುದೂ ಸುದ್ದಿಯೇ ಅಲ್ಲ.

ಕಾದಂಬರಿಗೆ ವಾಪಸ್ ಬರೋಣ. ನನ್ನನ್ನ ಹಿಡಿದು ಕೂರಿಸಿದ ಪಾತ್ರ ಪೀಟರ್ ಅಲ್ಲ. ಜೋಸಿ ಅನ್ನೋ ಹುಡುಗಿ.

ಜೋಸಿ ಆ ಊರಿನ ನ್ಯಾಯಾಧೀಶೆ ಅಲೆಕ್ಸ್‌ಳ ಮಗಳು. ಅವಳ ಹೆರಿಗೆ ಮಾಡಿಸಿದ್ದೇ ಪೀಟರನ ಅಮ್ಮ. ಹೀಗಾಗಿ ಎರಡು ಮನೆಗೂ ಸ್ನೇಹ, ಮಕ್ಕಳಿಬ್ಬರೂ ಜೊತೆಗೆ ಬೆಳೀತಾರೆ. ಚಿಕ್ಕವರಿದ್ದಾಗ ಪೀಟರನನ್ನ ಯಾರಾದ್ರೂ ಗೋಳುಹೊಯ್ಕೊಂಡ್ರೆ ಅಡ್ಡ ನಿಲ್ತಿದ್ದವಳೇ ಅವಳು. ಒಂದು ದಿನ ಪೀಟರ್ ಮನೆಯಲ್ಲಿ ಇಬ್ಬರೂ ಬಂದೂಕಿನ ಹತ್ತಿರ ಸಿಕ್ಕಿಬೀಳ್ತಾರೆ. ಅಲೆಕ್ಸ್ ಮಗಳನ್ನ ಅಲ್ಲಿಗೆ ಕಳಿಸೋದು ನಿಲ್ಲಿಸ್ತಾಳೆ. ಆಮೇಲೆ ಆರನೇ ಕ್ಲಾಸಿನ ಹೊತ್ತಿಗೆ ಜೋಸಿ ಶಾಲೆಯ 'ದೊಡ್ಡ ಗುಂಪು' ಸೇರ್ತಾಳೆ. ಚಂದದ ಹುಡುಗಿಯರು, ಆಟಗಾರ ಹುಡುಗರು, ಎಲ್ಲರೂ ತಿರುಗಿ ನೋಡೋ ಗುಂಪು. ಆ ಗುಂಪಿನಲ್ಲಿ ಉಳೀಬೇಕು ಅಂದ್ರೆ ಒಂದೇ ಷರತ್ತು. ಪೀಟರನಂಥವರನ್ನ ನೋಡಿ ನಗಬೇಕು. ಕಡೇಪಕ್ಷ ಸುಮ್ಮನಿರಬೇಕು.

ಅವಳು ಸುಮ್ಮನಿರ್ತಾಳೆ. ಆದರೆ ನೆಮ್ಮದಿಯಾಗಿಲ್ಲ. ಅವಳ ಬಾಯ್‌ಫ್ರೆಂಡ್ ಮ್ಯಾಟ್, ಶಾಲೆಯ ಹೀರೋ, ಅವಳ ಮೇಲೂ ಕೈ ಮಾಡೋನೇ. ಅವಳಿಗೆ ಅನ್ನಿಸೋದು ಇಷ್ಟೇ, ನಾನು ಒಂದು ದಿನ ಬಾಯಿ ತೆರೆದ್ರೆ ಮಾರನೇ ದಿನ ಪೀಟರ್ ಇರೋ ಜಾಗದಲ್ಲಿ ನಾನಿರ್ತೀನಿ. ಅವಳ ಲೆಕ್ಕ ತಪ್ಪಲ್ಲ. ಅದೇ ಭಯಂಕರ.

ಘಟನೆಗೆ ಒಂದು ತಿಂಗಳ ಹಿಂದೆ ಪೀಟರ್ ಜೋಸಿಗೆ ಒಂದು ಇಮೇಲ್ ಬರೀತಾನೆ. ಮನಸ್ಸಿನಲ್ಲಿದ್ದ ಪ್ರೀತಿಯನ್ನೆಲ್ಲ ಬರೀತಾನೆ. ಅದು ಅವಳಿಗಿಂತ ಮೊದಲು ಅವಳ ಗೆಳತಿಯ ಕಣ್ಣಿಗೆ ಬೀಳುತ್ತೆ. ಇಡೀ ಶಾಲೆಯ ಇಮೇಲ್‌ಗಳಿಗೆ ಹೋಗುತ್ತೆ. ಕ್ಯಾಂಟೀನಿನಲ್ಲಿ ಎಲ್ಲರೆದುರು ಮ್ಯಾಟ್ ಅವನ ಪ್ಯಾಂಟ್ ಎಳೆದು ಕೆಳಗಿಳಿಸ್ತಾನೆ. ಇಡೀ ಕ್ಯಾಂಟೀನು ನಗುತ್ತೆ.

ಮುಂದೆ ಪೊಲೀಸರಿಗೆ ಪೀಟರ್ ಕೋಣೆಯಲ್ಲಿ ಶಾಲೆಯ ವಾರ್ಷಿಕ ಸಂಚಿಕೆ ಸಿಗುತ್ತೆ. ಕೆಲವು ಫೋಟೋಗಳ ಸುತ್ತ ಗುರುತು. ಜೋಸಿಯ ಫೋಟೋಗೂ ಗುರುತು ಹಾಕಿ, ಆಮೇಲೆ ಹೊಡೆದುಹಾಕಿ, ಇವಳನ್ನ ಬಿಡಬೇಕು ಅಂತ ಬರೆದಿದ್ದಾನೆ. ಶಾಲೆಯಲ್ಲಿ ಜೋಸಿ ಸಿಕ್ಕಿದ್ದು ಲಾಕರ್ ರೂಮಿನಲ್ಲಿ, ಮ್ಯಾಟ್‌ನ ಹೆಣದ ಪಕ್ಕ, ಜ್ಞಾನ ತಪ್ಪಿದ ಸ್ಥಿತಿಯಲ್ಲಿ. ಏನಾಯ್ತು ಅಂತ ಕೇಳಿದ್ರೆ ಅವಳ ಉತ್ತರ ಒಂದೇ, ನೆನಪಿಲ್ಲ. ಡಿಟೆಕ್ಟಿವ್ ಪ್ಯಾಟ್ರಿಕ್ ಲೆಕ್ಕ ಹಾಕ್ತಾನೆ, ಉಳಿದ ಕಡೆ ಎಲ್ಲ ಲೆಕ್ಕ ಕೂಡುತ್ತೆ, ಆ ಒಂದು ರೂಮಿನ ಲೆಕ್ಕ ಮಾತ್ರ ಕೂಡಲ್ಲ. ಪುಸ್ತಕದ ಗಂಟು ಅಲ್ಲಿದೆ. ಬಿಚ್ಚಿ ಹೇಳಲ್ಲ, ಓದೋರಿಗೆ ಬಿಟ್ಟಿದ್ದು. ಇಷ್ಟು ಹೇಳಬಹುದು, ಕೊನೆಗೆ ಕೋರ್ಟಿನಲ್ಲಿ ಪ್ರಶ್ನೆ ಬರೋದು ಕೊಂದವನಿಗಲ್ಲ, ನೋಡ್ತಾ ನಿಂತವಳಿಗೆ.

ಪುಸ್ತಕದಲ್ಲಿ ದೋಷ ಇಲ್ಲ ಅಂತ ಅಲ್ಲ. ಕೋರ್ಟಿನ ಭಾಗ ಸಿನಿಮಾ ಆಗಿಬಿಡುತ್ತೆ. ಗಂಡನಿಂದ ವರ್ಷಗಟ್ಟಲೆ ಏಟು ತಿಂದ ಹೆಂಗಸು ಒಂದು ದಿನ ತಿರುಗಿಬಿದ್ದ ಹಾಗೆ ಈ ಹುಡುಗನೂ ತಿರುಗಿಬಿದ್ದ ಅಂತ ವಕೀಲ ಮೆಕಾಫಿ ಮನೋವೈದ್ಯರನ್ನ ಕರೆಸಿ ವಾದ ಮಾಡ್ತಾನೆ. ವಾದ ಕೇಳೋಕೆ ಚೆನ್ನಾಗಿದೆ. ಆದರೆ ಸತ್ತ 10 ಜನರಲ್ಲಿ ಪೀಟರನಿಗೆ ಏನೂ ಮಾಡದವರೂ ಇದ್ದಾರಲ್ಲ? ಅವರ ಮನೆಯ ಬಾಗಿಲಿಗೆ ಲೇಖಕಿ ಹೋಗ್ತಾರೆ, ಆದರೆ ಒಳಗೆ ಹೋಗಿ ಜಾಸ್ತಿ ಹೊತ್ತು ಕೂರಲ್ಲ. ಅದು ನನಗೆ ಕೊರತೆ ಅನ್ನಿಸ್ತು.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ, ಮತ್ತು ಅದು ಸುತ್ತಿ ಬಂದು ನಮ್ಮ ಕಸುಬಿನ ಬಾಗಿಲಿಗೇ ನಿಲ್ಲುತ್ತೆ. ಕಿರುಕುಳ ತಿಂದ ಹುಡುಗ ಸೇಡು ತೀರಿಸ್ಕೊಂಡ ಅನ್ನೋ ಕಥೆ ಎಲ್ಲಿಂದ ಬಂತು? ಅದು ಎಲ್ಲರ ತಲೆಗೆ ಹೊಕ್ಕಿದ್ದು 1999ರ ಏಪ್ರಿಲ್ 20ರಂದು. ಕೊಲರಾಡೋ ರಾಜ್ಯದ ಕೊಲಂಬೈನ್ ಹೈಸ್ಕೂಲು. ಇಬ್ಬರು ವಿದ್ಯಾರ್ಥಿಗಳು ಆ ದಿನ 12 ಮಕ್ಕಳನ್ನ, ಒಬ್ಬ ಮೇಷ್ಟ್ರನ್ನ ಕೊಂದು ತಾವೂ ಸತ್ತರು. ಅವರ ಹೆಸರು ನಾನು ಹೇಳಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಆ ದಿನ ಅಮೆರಿಕದ ಚಾನೆಲ್‌ಗಳು ಲೈವ್‌ನಲ್ಲಿದ್ದವು. ಒಳಗೆ ಸಿಕ್ಕಿಹಾಕ್ಕೊಂಡಿದ್ದ ಮಕ್ಕಳು ಕ್ಲಾಸ್‌ರೂಮಿನ ಟಿವಿಯಲ್ಲಿ ತಮ್ಮದೇ ಶಾಲೆಯನ್ನ ನೋಡ್ತಿದ್ರು. ಕೆಲವರು ಟಿವಿ ಸ್ಟೇಷನ್ನಿಗೇ ಫೋನ್ ಮಾಡಿದ್ರು. ಆಂಕರ್‌ಗಳು ಅವರ ಜೊತೆ ಲೈವ್‌ನಲ್ಲಿ ಮಾತಾಡಿದ್ರು! ಅಡಗಿ ಕೂತ ಮಗು ಎಲ್ಲಿದೆ ಅನ್ನೋದು ಕೊಲೆಗಾರನ ಕಿವಿಗೂ ಬೀಳಬಹುದು ಅನ್ನೋದು ಹೊಳೆಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ನಗಬೇಡಿ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಯ ಹೊತ್ತಿಗೆ ನಮ್ಮ ದೇಶದ ಚಾನೆಲ್‌ಗಳು ಮಾಡಿದ್ದೂ ಇದನ್ನೇ. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಪಾಳಕ್ಕೆ ಹೊಡೆದ ಹಾಗೆ ಬರೆದಿದೆ.

ಕೊಲಂಬೈನ್‌ನಲ್ಲಿ ಇನ್ನೊಂದು ಆಯ್ತು. ಉದ್ದ ಕೋಟು ಹಾಕ್ಕೊಳ್ಳೋ ಒಂದು ಗುಂಪಿನವರು, ಆಟಗಾರ ಹುಡುಗರಿಂದ ಕಿರುಕುಳ ತಿಂದವರು, ಸೇಡಿಗೆ ಬಂದಿದ್ದಾರೆ ಅನ್ನೋ ಮಾತು ಮೊದಲ ಕೆಲವು ಗಂಟೆಯಲ್ಲೇ ಟಿವಿಯಲ್ಲಿ ಬಂತು. ಮಕ್ಕಳು ಅದನ್ನ ಟಿವಿಯಲ್ಲಿ ಕೇಳಿದ್ರು, ಆಚೆ ಬಂದು ಮೈಕಿನ ಮುಂದೆ ಅದನ್ನೇ ಹೇಳಿದ್ರು, ಟಿವಿ ಅದನ್ನ 'ಪ್ರತ್ಯಕ್ಷದರ್ಶಿಗಳ ಮಾತು' ಅಂತ ಮತ್ತೆ ತೋರಿಸಿತು. ನಮ್ಮ ಮಾತೇ ನಮಗೆ ಸಾಕ್ಷಿಯಾಗಿ ವಾಪಸ್ ಬರೋದು ಹೀಗೆ. ಡೇವ್ ಕಲನ್ ಅನ್ನೋ ಪತ್ರಕರ್ತ ಹತ್ತು ವರ್ಷ ಅದರ ಹಿಂದೆ ಬಿದ್ದು 2009ರಲ್ಲಿ 'ಕೊಲಂಬೈನ್' ಅಂತ ಪುಸ್ತಕ ತಂದರು. ಹಂತಕರ ಡೈರಿಗಳು ಬೇರೆಯದನ್ನೇ ಹೇಳ್ತವೆ ಅಂದರು. ಒಂದು ವರ್ಷಕ್ಕೂ ಹೆಚ್ಚು ಕಾಲದ ತಯಾರಿ. ಊಟದ ಹೊತ್ತಿಗೆ ಸಿಡಿಯಲಿ ಅಂತ ಕ್ಯಾಂಟೀನಿನಲ್ಲಿ ಗ್ಯಾಸ್ ಸಿಲಿಂಡರ್ ಬಾಂಬ್ ಇಟ್ಟಿದ್ದರು, ಅವು ಸಿಡಿಯಲಿಲ್ಲ. ಸಿಡಿದಿದ್ರೆ ನೂರಾರು ಮಕ್ಕಳು ಹೋಗ್ತಿದ್ರು, ಕಿರುಕುಳ ಕೊಟ್ಟವನು ಕೊಡದವನು ಅಂತ ನೋಡ್ತಿರಲಿಲ್ಲ. ಹಾಗಾದ್ರೆ ಅದು ಸೇಡು ಹೇಗಾಯ್ತು? ರಾಲ್ಫ್ ಲಾರ್ಕಿನ್ ಅನ್ನೋ ಸಮಾಜಶಾಸ್ತ್ರಜ್ಞರು ಮಾತ್ರ ಆ ಶಾಲೆಯಲ್ಲಿ ಕಿರುಕುಳದ ವಾತಾವರಣ ನಿಜವಾಗಿಯೂ ಇತ್ತು, ಅದನ್ನ ತಳ್ಳಿಹಾಕಬೇಡಿ ಅಂತಾರೆ. ಜಗಳ ಇನ್ನೂ ಮುಗಿದಿಲ್ಲ.

ಅಂದ್ರೆ ಪಿಕೋ ಕಾದಂಬರಿ ನಿಂತಿರೋದು ಟಿವಿ ಅವಸರದಲ್ಲಿ ಕಟ್ಟಿದ ಕಥೆಯ ಮೇಲೆ ಅಂತ ಯಾರಾದ್ರೂ ಹೇಳಿದ್ರೆ ಪೂರ್ತಿ ತಪ್ಪಲ್ಲ. ನಾನು ಒಪ್ತೀನಿ. ಆದರೂ ಪುಸ್ತಕ ಬಿದ್ದುಹೋಗಲ್ಲ, ಯಾಕೆ ಅಂತ ಹೇಳ್ತೀನಿ ಕೇಳಿ. ಅಮೆರಿಕದ ಸೀಕ್ರೆಟ್ ಸರ್ವಿಸ್, ಅಧ್ಯಕ್ಷರನ್ನ ಕಾಯೋರು, ಶಿಕ್ಷಣ ಇಲಾಖೆಯ ಜೊತೆ ಸೇರಿ 2002ರಲ್ಲಿ ಒಂದು ವರದಿ ತಂದರು. 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ದಾಳಿ, 41 ದಾಳಿಕೋರರು. ಇಂಥ ಹುಡುಗ ಹೀಗೇ ಇರ್ತಾನೆ ಅನ್ನೋ ಒಂದು ಅಚ್ಚು ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಒಂಟಿಗಳೂ ಇದ್ದರು, ಗೆಳೆಯರಿದ್ದವರೂ ಇದ್ದರು, ಚೆನ್ನಾಗಿ ಓದೋರೂ ಇದ್ದರು. 71 ಶೇಕಡ ಜನರಿಗೆ ತಾವು ಕಿರುಕುಳಕ್ಕೆ, ಹಿಂಸೆಗೆ ಗುರಿಯಾಗಿದ್ದೀವಿ ಅನ್ನೋ ಭಾವನೆ ಇತ್ತು. ಕಿರುಕುಳ ತಿಂದ ಕೋಟ್ಯಂತರ ಮಕ್ಕಳಲ್ಲಿ ಬಂದೂಕು ಹಿಡಿಯೋರು ಬೆರಳೆಣಿಕೆ, ಅದನ್ನ ಮರೀಬಾರದು. ನಾನು ಅಡಿಗೆರೆ ಹಾಕಿದ್ದು ಬೇರೆ ಅಂಕಿಗೆ. 81 ಶೇಕಡ ಘಟನೆಗಳಲ್ಲಿ, ಇದು ನಡೆಯುತ್ತೆ ಅನ್ನೋ ಸುಳಿವು ಕಡೇಪಕ್ಷ ಒಬ್ಬರಿಗಾದ್ರೂ ಮೊದಲೇ ಇತ್ತು. ಹೆಚ್ಚಿನವರು ಜೊತೆಯ ಮಕ್ಕಳೇ. ಗೆಳೆಯ, ಕ್ಲಾಸ್‌ಮೇಟ್, ತಮ್ಮ.

ಗೊತ್ತಿದ್ದೂ ಸುಮ್ಮನಿದ್ದವರು. ಜೋಸಿಯ ಹತ್ತಿರದ ನೆಂಟರು.

ಫಿನ್ಲೆಂಡ್ ಈ ಎಳೆಯನ್ನೇ ಹಿಡಿದುಕೊಂಡಿತು. 2009ರಿಂದ ದೇಶದ ಶಾಲೆಗಳಿಗೆಲ್ಲ ಹರಡಿದ 'ಕಿವಾ' ಅನ್ನೋ ಕಾರ್ಯಕ್ರಮ, ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ ಅವರ ತಂಡ ಕಟ್ಟಿದ್ದು. ಹೊಡೆಯೋನನ್ನ ಹಿಡಿಯೋದು ಒಂದು ಕಡೆ ಇರಲಿ, ಸುತ್ತ ನಿಂತವರ ಜೊತೆ ಕೆಲಸ ಮಾಡಿ ಅನ್ನೋದು ಅದರ ತಿರುಳು. ಹೊಡೆಯೋನು ಹೊಡೆಯೋದು ಆ ಸುತ್ತ ನಿಂತವರು ನೋಡಲಿ ಅಂತ. ಪ್ರೇಕ್ಷಕರಿಲ್ಲದ ನಾಟಕವನ್ನ ಯಾರು ಎಷ್ಟು ದಿನ ಆಡ್ತಾರೆ? ಟಿಆರ್‌ಪಿ ನೋಡ್ಕೊಂಡು ಬದುಕೋ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಯಾಕೆ ಹೇಳಲ್ಲ ಅಂತ ಹೇಳ್ತೀನಿ ಅಂದಿದ್ದೆ. ಈ ಕಾದಂಬರಿ ಬಂದು ಒಂದೂವರೆ ತಿಂಗಳೊಳಗೆ, 2007ರ ಏಪ್ರಿಲ್ 16ಕ್ಕೆ, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನ ಒಬ್ಬ ವಿದ್ಯಾರ್ಥಿ ಕೊಂದ. ಸತ್ತವರಲ್ಲಿ ಭಾರತದಿಂದ ಹೋದ ಪ್ರೊಫೆಸರ್ ಲೋಗನಾಥನ್ ಇದ್ದರು, ಮುಂಬೈಯ ಒಬ್ಬ ವಿದ್ಯಾರ್ಥಿನಿಯೂ ಇದ್ದಳು. ಆ ಹಂತಕ ಮೊದಲ ಇಬ್ಬರನ್ನ ಕೊಂದಮೇಲೆ, ಉಳಿದವರನ್ನ ಕೊಲ್ಲೋಕೆ ಹೋಗೋ ಮೊದಲು ಏನು ಮಾಡಿದ ಗೊತ್ತಾ? ಪೋಸ್ಟಾಫೀಸಿಗೆ ಹೋದ. ತನ್ನ ವಿಡಿಯೋ, ಫೋಟೋ, ಬರಹ ಎಲ್ಲ ಕಟ್ಟಿ ಎನ್‌ಬಿಸಿ ಅನ್ನೋ ಟಿವಿ ಚಾನೆಲ್ಲಿಗೆ ಪಾರ್ಸಲ್ ಮಾಡಿದ. ಎನ್‌ಬಿಸಿ ಅದನ್ನ ಪ್ರಸಾರ ಮಾಡಿತು. ಸತ್ತವರ ಮನೆಯವರು ಸಿಟ್ಟಿಗೆದ್ದು ಆ ಚಾನೆಲ್ಲಿಗೆ ಕೊಡಬೇಕಿದ್ದ ಸಂದರ್ಶನಗಳನ್ನ ರದ್ದು ಮಾಡಿದ್ರು. ಅವನಿಗೆ ಬೇಕಿದ್ದದ್ದು ಪ್ರೇಕ್ಷಕರು. ಒದಗಿಸಿದ್ದು ನಮ್ಮ ಕಸುಬಿನವರು. 2012ರಲ್ಲಿ ಅದೇ ಕೊಲರಾಡೋದ ಅರೋರಾ ಚಿತ್ರಮಂದಿರದಲ್ಲಿ ಮಗನನ್ನ ಕಳ್ಕೊಂಡ ದಂಪತಿ, ಹಂತಕರ ಹೆಸರು ಮುಖ ಮೆರೆಸಬೇಡಿ ಅಂತ 'ನೋ ನಟೋರೈಟಿ' ಅನ್ನೋ ಅಭಿಯಾನ ಶುರು ಮಾಡಿದ್ರು. ಅದಕ್ಕೆ ಹೇಳಲಿಲ್ಲ.

ಹಾಗಾದ್ರೆ ಇಂಥ ಕಾದಂಬರಿಯೇ ಕೆಟ್ಟದ್ದಲ್ವಾ, ಮಕ್ಕಳು ಓದಿ ಕಲಿತುಬಿಟ್ರೆ? ಪ್ರಶ್ನೆ ಸುಳ್ಳಲ್ಲ. ಸ್ಟೀಫನ್ ಕಿಂಗ್ 1977ರಲ್ಲಿ ಬೇರೆ ಹೆಸರಿನಲ್ಲಿ 'ರೇಜ್' ಅಂತ ಒಂದು ಕಾದಂಬರಿ ಬರೆದಿದ್ದರು. ವಿದ್ಯಾರ್ಥಿಯೊಬ್ಬ ಮೇಷ್ಟ್ರನ್ನ ಕೊಂದು ಇಡೀ ಕ್ಲಾಸನ್ನ ಒತ್ತೆಯಿಡೋ ಕಥೆ. 1997ರ ಡಿಸೆಂಬರ್‌ನಲ್ಲಿ ಕೆಂಟಕಿಯ ಒಂದು ಶಾಲೆಯಲ್ಲಿ 14 ವರ್ಷದ ಹುಡುಗ ಮೂವರು ಹುಡುಗಿಯರನ್ನ ಕೊಂದ. ಅವನ ಲಾಕರಿನಲ್ಲಿ ಆ ಪುಸ್ತಕ ಸಿಕ್ಕಿತು. ಕಿಂಗ್ ತಾವೇ ಪ್ರಕಾಶಕರಿಗೆ ಹೇಳಿ ಅಚ್ಚು ನಿಲ್ಲಿಸಿದ್ರು. ಇದು ಸೆನ್ಸಾರ್ ಅಲ್ಲ, ತಾನು ಬರೆದದ್ದು ಯಾರದೋ ಕೈಯಲ್ಲಿ ಬೆಂಕಿಗೆ ಎಣ್ಣೆ ಆಗಬಾರದು ಅಂತ ಲೇಖಕನೇ ತಗೊಂಡ ತೀರ್ಮಾನ. ನನಗೆ ಅವರ ಮೇಲೆ ಗೌರವ ಇದೆ.

ಪಿಕೋ ಪುಸ್ತಕಕ್ಕೆ ಆಗಿದ್ದು ಬೇರೆ. 'ಪೆನ್ ಅಮೆರಿಕ' ಅನ್ನೋ ಲೇಖಕರ ಸಂಸ್ಥೆಯ ಲೆಕ್ಕದ ಪ್ರಕಾರ 2023-24ರ ಶಾಲಾ ವರ್ಷದಲ್ಲಿ ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ನಿಷೇಧಕ್ಕೆ ಒಳಗಾದ ಪುಸ್ತಕ ಇದೇ, 98 ಕಡೆ. ಬಂದೂಕು ಇದೆ ಅಂತ ಅಲ್ಲ. ಶಾಲೆಯಲ್ಲಿ ರಕ್ತ ಹರಿಯುತ್ತೆ ಅಂತ ಅಲ್ಲ. ಒಂದು ಪುಟಕ್ಕೆ. ಮ್ಯಾಟ್ ಜೋಸಿಯ ಮೇಲೆ ಬಲಾತ್ಕಾರ ಮಾಡೋ ಪುಟ ಅದು, ಅದನ್ನ ಅಶ್ಲೀಲ ಅಂದ್ರು. ಫ್ಲಾರಿಡಾದ ಮಾರ್ಟಿನ್ ಕೌಂಟಿಯಲ್ಲಂತೂ 2023ರಲ್ಲಿ ಪಿಕೋ ಅವರ ಸುಮಾರು 20 ಪುಸ್ತಕಗಳು ಶಾಲೆಯ ಕಪಾಟಿನಿಂದ ಕೆಳಗಿಳಿದವು. ಜೋಸಿ ಯಾರಿಗೂ ಹೇಳಲಾಗದೆ ನುಂಗಿಕೊಂಡ ಸಂಗತಿ ಯಾವ ಪುಟದಲ್ಲಿದೆಯೋ ಅದೇ ಪುಟವನ್ನ ದೊಡ್ಡವರೂ ಮುಚ್ಚಿದ್ರು. ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರೋದನ್ನ ಎರಡನೇ ಕ್ಲಾಸಿಗೇ ಕಲಿಸಬಹುದು, ಈ ಪುಸ್ತಕ ಮಾತ್ರ ಹೈಸ್ಕೂಲಿಗೂ ಬೇಡ. ನನ್ನ ಅಕ್ಕನ ಮಗಳು ಇದನ್ನ ಹೇಳುವಾಗ ನಗ್ತಿದ್ದಳು, ಖುಷಿಯ ನಗು ಅಲ್ಲ.

ಓದಿ ಮುಗಿಸಿದ ಮಾರನೇ ದಿನ ನಮ್ಮ ಪ್ರೊಡ್ಯೂಸರಿಗೆ ಹೇಳಿದೆ, "ಆ ಹುಡುಗರ ವಿಡಿಯೋ ಇನ್ನು ಓಡಿಸೋದು ಬೇಡ ಮಾರಾಯ." ಅವನು ಸ್ಕ್ರೀನಿಂದ ಕಣ್ಣು ತೆಗೀದೆ, "ಸರ್, ಅದು ನಿನ್ನೆನೇ ಹಳೇದಾಯ್ತು" ಅಂದ. ಯೂಟ್ಯೂಬಿನಿಂದ ತೆಗೆಸೋಕೆ ಇನ್ನೂ ಎರಡು ದಿನ ಹಿಡೀತು. ಅಷ್ಟರಲ್ಲಿ ಎಷ್ಟು ಲಕ್ಷ ಜನ ನೋಡಿದ್ದರು ಅಂತ ಅವನು ಹೇಳೋಕೆ ಬಂದ. ಬೇಡ ಅಂದೆ.

ಕೊನೆಗೆ ನನ್ನದೇ ಒಂದು ವಿಷಯ. ಯಾವ ಬುಲೆಟಿನ್ನಿನಲ್ಲೂ ಹೇಳಿರಲಿಲ್ಲ. ಏಳನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬ ಹುಡುಗ ಇದ್ದ. ಮಾತಾಡುವಾಗ ತೊದಲ್ತಿದ್ದ. ಮೇಷ್ಟ್ರು ಪಾಠ ಓದೋಕೆ ಎಬ್ಬಿಸಿದ್ರೆ ನಾಲ್ಕು ಜನ ಹಿಂದಿನ ಬೆಂಚಿನಿಂದ ಅವನ ಹಾಗೆ ತೊದಲೋರು. ಆ ನಾಲ್ಕು ಜನರಲ್ಲಿ ನಾನಿರಲಿಲ್ಲ, ಇದನ್ನ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡು ಬಂದಿದ್ದೀನಿ. ನಾನು ನಕ್ಕಿದ್ದು ಅಷ್ಟೇ. ದಿನಾ ನಗ್ತಿದ್ದೆ. ಎಂಟನೇ ಕ್ಲಾಸಿಗೆ ಅವನು ಬರಲಿಲ್ಲ. ಊರು ಬಿಟ್ಟನೋ, ಓದು ಬಿಟ್ಟನೋ, ಯಾರೂ ಕೇಳಲಿಲ್ಲ.

ಪುಸ್ತಕ ಮುಗಿಸಿದ ರಾತ್ರಿ ಅಟ್ಟದ ಮೇಲಿನ ಟ್ರಂಕಿನಿಂದ ಏಳನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆದೆ. ಮೂರನೇ ಸಾಲು, ಎಡಗಡೆಯಿಂದ ಎರಡನೆಯವನು. ಕೆಳಗಿನ ಹೆಸರುಗಳನ್ನ ಗೆದ್ದಲು ತಿಂದಿದೆ. ನಾವು ಅವನಿಗೆ ಇಟ್ಟಿದ್ದ ಅಡ್ಡಹೆಸರು ನನಗೆ ತಕ್ಷಣ ನೆನಪಾಯ್ತು. ಅವನ ಹೆಸರು ಇನ್ನೂ ನೆನಪಾಗಿಲ್ಲ.